ಕೈ ಬಿದ್ದ ಫೋಟೋಗಳು

ಅಕ್ಕ ಕಾಣೆಯಾಗಿ ಐದು ಗಂಟೆಯಾಗಿತ್ತು. ತಮ್ಮ ಪೊಲೀಸ್ ಠಾಣೆಯ ಮೇಜಿನ ಮುಂದೆ ನಿಂತಿದ್ದ. ಅವನದು ಮನೆಮನೆಗೆ ವೈರಿಂಗ್ ಮಾಡುವ ಕೆಲಸ.

“ಈ ಫೋಟೋ ಯಾವ ಕಾಲದ್ರೀ?” ಪೇದೆ ಅಕ್ಕನ ಗುರುತಿನ ಚೀಟಿಯನ್ನು ಬೆಳಕಿಗೆ ಹಿಡಿದ.

“ಹದಿನೈದು ವರ್ಷ ಆಯ್ತು ಸಾರ್. ಆಗ ದಪ್ಪ ಇದ್ಲು, ಉದ್ದ ಜಡೆ ಇತ್ತು. ಈಗ ಕಡ್ಡಿ ಆಗಿದಾಳೆ. ಕೂದ್ಲೂ ಗಿಡ್ಡ, ಎಲ್ಲಾ ಬಿಳಿ.”

“ಹಂಗಾದ್ರೆ ಇದನ್ನ ಕಳಿಸಿ ಏನು ಬಂತು? ಮರೆವಿನ ಕಾಯಿಲೆ ಅಂತೀರಿ, ತನ್ನ ಹೆಸರೂ ಹೇಳಲ್ಲ ಅಂತೀರಿ. ಕತ್ತಲಾಗೋದ್ರೊಳಗೆ ಬಸ್ ನಿಲ್ದಾಣಗಳಿಗೆಲ್ಲ ಮುಖ ತಲುಪ್ಬೇಕು. ಹೊಸ ಫೋಟೋ ತನ್ನಿ.” ಆಮೇಲೆ ಚೀಲದಿಂದ ಇಣುಕುತ್ತಿದ್ದುದನ್ನು ನೋಡಿ, “ಕ್ಯಾಮೆರಾ ಬೇರೆ ಇಟ್ಕೊಂಡಿದೀರ!” ಎಂದ.

ತಮ್ಮ ಕ್ಯಾಮೆರಾವನ್ನು ಚೀಲದೊಳಕ್ಕೆ ತುರುಕಿದ. ಮನೆಯ ಲ್ಯಾಪ್‌ಟಾಪಿನಲ್ಲಿ ಹದಿನೆಂಟು ಸಾವಿರ ಫೋಟೋಗಳಿದ್ದವು. ಎಲ್ಲದರಲ್ಲೂ ಇದ್ದವಳು ಒಬ್ಬಳೇ, ಗಿಡ್ಡಮ್ಮ ಎಂಬ ಗೇಣುದ್ದದ ಬಟ್ಟೆಗೊಂಬೆ.

ಮೂರು ವರ್ಷದಿಂದ ಇಬ್ಬರಿಗೂ ಅದೇ ಹುಚ್ಚು. ಕೆಲಸದಲ್ಲಿ ಉಳಿದ ತಾಮ್ರದ ತಂತಿಯಿಂದ ತಮ್ಮ ಗೊಂಬೆಗೆ ಎಲುಬು ಕಟ್ಟಿದ. ಹೊಲಿಗೆಯಿಂದಲೇ ಅವನನ್ನು ಸಾಕಿ ಬೆಳೆಸಿದ ಅಕ್ಕ ಅದಕ್ಕೆ ಮೈ ಹೊಲಿದಳು. ಅಕ್ಕ ಗೊಂಬೆಯ ಕಾಲನ್ನು ಕೂದಲೆಳೆಯಷ್ಟು ಸರಿಸಬೇಕು, ಕೈ ಹಿಂದಕ್ಕೆ ತೆಗೆಯಬೇಕು, ತಮ್ಮ ಗುಂಡಿ ಒತ್ತಬೇಕು. ಒಂದು ಸೆಕೆಂಡಿನ ನಡಿಗೆಗೆ ಹನ್ನೆರಡು ಫೋಟೋ. ಅವನ್ನು ಪೋಣಿಸಿ ಚಲನಚಿತ್ರ ಮಾಡುವ ಸಾಫ್ಟ್‌ವೇರ್ ಇತ್ತಲ್ಲ, ಅದು ಯಾರೋ ಪುಣ್ಯಾತ್ಮರು ಬರೆದು, ಬಳಸಿಕೊಳ್ಳಿ, ಬೇಕಿದ್ದರೆ ಬಿಚ್ಚಿ ತಿದ್ದಿಕೊಳ್ಳಿ ಎಂದು ಊರಿಗೆಲ್ಲ ಬಿಟ್ಟಿಯಾಗಿ ಕೊಟ್ಟದ್ದು.

ಈಚೆಗೆ ಅಕ್ಕನಿಗೆ ಒಲೆ ಹಚ್ಚುವುದು ಮರೆತಿತ್ತು, ಬಚ್ಚಲಿನ ದಾರಿ ಮರೆತಿತ್ತು. ಗೊಂಬೆ ನಡೆಸುವುದು ಮಾತ್ರ ಮರೆತಿರಲಿಲ್ಲ. ಆದರೆ ನಡೆಸಿದ ಮೇಲೆ ಕೈ ತೆಗೆಯಲು ಮರೆಯುತ್ತಿದ್ದಳು. “ಕೈ ತೆಗಿ ಅಕ್ಕಾ!” ಎಂದು ತಮ್ಮ ರೇಗುತ್ತಿದ್ದ. ಎರಡನೇ ಸಲ ಕಿರುಚುತ್ತಿದ್ದ. ಕೈ ಬಿದ್ದ ಫೋಟೋಗಳನ್ನು ಅಂದಂದೇ ಕ್ಯಾಮೆರಾದಲ್ಲೇ ಅಳಿಸಿಬಿಡುತ್ತಿದ್ದ. ಆ ವಿಷಯದಲ್ಲಿ ಅವನಷ್ಟು ಚೊಕ್ಕಟದ ಮನುಷ್ಯ ಇನ್ನೊಬ್ಬನಿಲ್ಲ. ಮನೆ ಹಾಳಾಗ ಅವನ ಚೊಕ್ಕಟ!

ಎದ್ದುಬಿದ್ದು ಮನೆಗೆ ಓಡಿದ. ಫೋನು ಜಾಲಾಡಿದರೆ ಬರೀ ಮೀಟರು, ಸ್ವಿಚ್ಚು, ಸುಟ್ಟ ವೈರು. ಲ್ಯಾಪ್‌ಟಾಪಿನಲ್ಲಿ ಗೊಂಬೆ, ಗೊಂಬೆ, ಗೊಂಬೆ. ತಲೆ ಚಚ್ಚಿಕೊಳ್ಳುವಾಗ ಒಂದು ನೆನಪಾಯಿತು. ಕ್ಯಾಮೆರಾದ ಕಾರ್ಡಿನಲ್ಲಿ ಅಳಿಸಿದ್ದು ಅಷ್ಟು ಬೇಗ ಅಳಿಯುವುದಿಲ್ಲ, ಅದರ ಜಾಗಕ್ಕೆ ಹೊಸದು ಬರುವ ತನಕ ಅಡಿಯಲ್ಲೇ ಇರುತ್ತದೆ. ಅದನ್ನು ಮೇಲೆತ್ತಲಿಕ್ಕೂ ಒಂದು ಬಿಟ್ಟಿ ಸಾಫ್ಟ್‌ವೇರ್ ಇತ್ತು. ಕಾರ್ಡು ಸಿಕ್ಕಿಸಿದ.

ಶೇಕಡಾ ಮೂರು. ಶೇಕಡಾ ಏಳು. ಅಕ್ಕ ಈಗ ಯಾವ ರಸ್ತೆ ದಾಟುತ್ತಿದ್ದಾಳೋ. ಅವಳ ಚಪ್ಪಲಿಗಳು ಬಾಗಿಲ ಬಳಿಯೇ ಬಿದ್ದಿದ್ದವು. “ಬೇಗ ಆಗೋ ದರಿದ್ರದ್ದೇ” ಎಂದು ಯಂತ್ರವನ್ನು ಬೈದ, ಮರುಗಳಿಗೆಗೆ ಅದಕ್ಕೇ ಕೈಮುಗಿದ.

ಫೋಟೋಗಳು ಬರತೊಡಗಿದವು. ಕೈ. ಬರೀ ಕೈ. ಸೂಜಿ ಚುಚ್ಚಿಸಿಕೊಂಡು ಗಟ್ಟಿಯಾದ ಬೆರಳ ತುದಿ, ಸವೆದ ಉಗುರು, ಸಡಿಲ ತೋಳಿನ ಅಂಚು. ಇನ್ನೂರು ದಾಟಿದರೂ ಮೊಣಕೈಯಿಂದ ಮೇಲೆ ಅಕ್ಕ ಇಲ್ಲ. ಅಯ್ಯೋ, ಒಂದು ಸಲ, ಒಂದೇ ಒಂದು ಸಲ ಕ್ಯಾಮೆರಾ ಮೇಲಕ್ಕೆತ್ತಿದ್ದರೆ! ಆ ಗಂಡಸು ಗೊಳೋ ಎಂದು ಅತ್ತ.

ನಾಲ್ಕೂವರೆಗೆ ಮುಖ ಬಂತು. ಅಕ್ಕ ಗೊಂಬೆಯ ಪಕ್ಕದಲ್ಲಿ ಬಗ್ಗಿ, ಸೀದಾ ಕ್ಯಾಮೆರಾ ಕಡೆ ತಿರುಗಿದ್ದಳು. ಗಿಡ್ಡ ಬಿಳಿಗೂದಲು, ಕೆನ್ನೆಯ ಮಚ್ಚೆ, ಎಲ್ಲ ಸ್ಪಷ್ಟವಾಗಿತ್ತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಠಾಣೆಗೆ ಓಡಿದ.

“ಇದು ಸರಿ. ಇದ್ರಲ್ಲಿ ಯಾರಾದ್ರೂ ಗುರುತು ಹಿಡೀತಾರೆ” ಎಂದ ಪೇದೆ. ಕಳಿಸುವ ಮೊದಲು ಇನ್ನೊಮ್ಮೆ ನೋಡಿದ. “ಯಾಕ್ರೀ ಹಿಂಗೆ ಹೆದರ್ಕೊಂಡಿದಾರೆ? ಯಾರಾದ್ರೂ ಹೊಡಿಯೋಕೆ ಬಂದಿದ್ರಾ? ಮನೆ ಬಿಟ್ಟು ಹೋಗಿರೋ ಕೇಸು, ಕೇಳ್ಲೇಬೇಕು. ಯಾರಿಗೆ ಹೆದರಿದ್ದು?”

ತಮ್ಮ ಆಗ ಆ ಮುಖವನ್ನು ನೋಡಿದ. ಬಿಟ್ಟ ಕಣ್ಣುಗಳು ಬಿಟ್ಟ ಹಾಗೇ ಇದ್ದವು. ಬಾಯಿ ಅರ್ಧ ತೆರೆದಿತ್ತು. ಕೈಯನ್ನು ಬಿಸಿ ತಗುಲಿದವರಂತೆ ಎದೆಗೆ ಎಳೆದುಕೊಂಡಿದ್ದಳು. ತಾನು ಎರಡನೇ ಸಲ ಕಿರುಚಿದಾಗ ತೆಗೆದದ್ದು.

“ನನಗೆ ಸಾರ್” ಎಂದ.

ಪೇದೆ ಅದನ್ನು ಬರೆದುಕೊಂಡು, ಫೋಟೋವನ್ನು ಎಲ್ಲ ನಿಲ್ದಾಣಗಳಿಗೂ ಕಳಿಸಿದ.