ಸಣ್ಣ ಕತ್ತಿನ ಗೂಟ

ನಾನು ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವಳು. ಮೇಲಿನ ಮುಂಬಲ್ಲು ವಾದ್ಯದ ಬಾಯಿಯ ಮೇಲೆ ಗಟ್ಟಿಯಾಗಿ ಕೂರದಿದ್ದರೆ ನನಗೆ ಸ್ವರ ಹೊರಡುವುದಿಲ್ಲ, ಬರೀ ಗಾಳಿ. ಮೆಟ್ಟಿಲಲ್ಲಿ ಮುಗ್ಗರಿಸಿ ಆ ಹಲ್ಲು ಮುರಿದಾಗ ಡಾಕ್ಟರು ಮೂಳೆಗೆ ತಿರುಪು ಕೂರಿಸಿದರು. ತಿರುಪಿಗೂ ಹೊಸ ಹಲ್ಲಿಗೂ ನಡುವೆ, ವಸಡಿನೊಳಗೆ, ಒಂದು ಲೋಹದ ಗೂಟ ನಿಲ್ಲಬೇಕು. ಅದನ್ನು ಉಜ್ಜಿ ರೂಪ ಕೊಡುವುದು ಲ್ಯಾಬಿನವರ ಕೆಲಸ. ನಮ್ಮ ಡಾಕ್ಟರಿಗೆ ಆ ಕೆಲಸ ಮಾಡಿಕೊಡುವವರು ನನ್ನ ಗಂಡ.

ಊರವರಿಗೆಲ್ಲ ಇವರು ಗೂಟದ ಕತ್ತನ್ನು ಸಣ್ಣಗೆ ಮಾಡುತ್ತಾರೆ. ಆಗ ಸುತ್ತ ವಸಡು ದಪ್ಪಗೆ ಕೂತು ಕೆಳಗಿನ ಮೂಳೆಯನ್ನು ಕಾಯುತ್ತದೆ. ನನ್ನದನ್ನೂ ಹಾಗೇ ಮಾಡಲು ಡಾಕ್ಟರು ಹೇಳಿ ಕಳಿಸಿದ್ದರು. ಹೆಂಡತಿಯದು ಅಂತ ಈ ಮಹಾರಾಯರು ದಪ್ಪ ಮಾಡಿದರು. ಊದುವಾಗ ಮುರಿದೀತು ಎಂಬ ಭಯವಂತೆ. ಡಾಕ್ಟರು ಅದನ್ನು ಬಿಗಿದಾಗ ವಸಡು ಸುಣ್ಣದಂತೆ ಬಿಳಿಚಿತು. ಸ್ವಲ್ಪ ಹೊತ್ತಿಗೆ ಬಣ್ಣ ಮರಳಿತು, ಡಾಕ್ಟರು ಮೇಲೆ ಹೊಸ ಹಲ್ಲು ಕೂರಿಸಿ ಕಳಿಸಿದರು.

"ಮದುವೇಲೂ ನೀನು ಇಷ್ಟು ಚೆನ್ನಾಗಿ ನಕ್ಕಿರ್ಲಿಲ್ಲ ಕಣೆ," ಎಂದರು ಅತ್ತೆ.

ವರ್ಷ ತಿರುಗುವುದರೊಳಗೆ ವಸಡು ಮೇಲಕ್ಕೆ ಸರಿದು ಬೂದು ಲೋಹ ಇಣುಕಿತು. ಊದಿದರೆ ವಾದ್ಯದ ಬಾಯಿಗೆ ರಕ್ತ. ಎಕ್ಸ್‌ರೇಯಲ್ಲಿ ತಿರುಪಿನ ಸುತ್ತ ಮೂಳೆ ಬಟ್ಟಲಿನಂತೆ ಕರಗಿತ್ತು. ತಿರುಪು ಕಿತ್ತರು. ಮೂಳೆ ಕಸಿ ಮಾಡಿದರು, ಹಿಡಿಯಲಿಲ್ಲ. ಪಕ್ಕದ ಹಲ್ಲೂ ಅಲ್ಲಾಡತೊಡಗಿತು. ತೆಗೆದು ಹಾಕಿಕೊಳ್ಳುವ ಕಟ್ಟು ಹಲ್ಲು ವಾದ್ಯ ಒತ್ತಿದ ಕೂಡಲೇ ಕಳಚಿ ಬೀಳುತ್ತದೆ.

ಬ್ಯಾಂಡಿನ ಯಜಮಾನ ನನ್ನ ಕುರ್ಚಿಗೆ ಬೇರೆಯವಳನ್ನು ಕೂರಿಸಿದ. "ಅಕ್ಕಾ, ನೀವು ತಾಳ ಬಡೀರಿ. ಅದಕ್ಕೆ ಹಲ್ಲು ಬೇಡ," ಎಂದ. ತಾಳ ಅವನ ಕಾಲ ಮೇಲೆಸೆದು ಮನೆಗೆ ಬಂದೆ. ಅತ್ತೆ ಹಲ್ಲು-ಕಡಲೆಯ ಗಾದೆ ಎತ್ತಿದವರು ನನ್ನ ಮುಖ ನೋಡಿ ನುಂಗಿಕೊಂಡರು.

ಗಂಡನನ್ನು ಹಿಡಿದು ಕೇಳಿದೆ: "ಕಂಡೋರಿಗೆಲ್ಲ ಸರಿಯಾಗಿ ಮಾಡ್ತೀರಲ್ಲ, ನಾನೇನು ಪಾಪ ಮಾಡಿದ್ದೆ?"

"ನೀನಲ್ವಾ, ಅದಕ್ಕೇ... ಗಟ್ಟಿ ಇರ್ಲಿ ಅಂತ."

ಅದಾಗಿ ಕೆಲವು ದಿನ ಕಳೆದವು. ನಿನ್ನೆ ಕೆಲಸದಿಂದ ಬಂದವರು ಹತ್ತಿಯಲ್ಲಿ ಸುತ್ತಿದ್ದೊಂದನ್ನು ನನ್ನ ಅಂಗೈಗೆ ಹಾಕಿದರು. ಹೊಸ ಗೂಟ. ಕನ್ನಡಿಯ ಹಾಗೆ ಹೊಳಪು, ಕತ್ತು ಎಷ್ಟು ಬೇಕೋ ಅಷ್ಟೇ ಸಣ್ಣ. ಇಷ್ಟು ಚೆಂದದ್ದನ್ನು ಇವರು ಯಾರಿಗೂ ಮಾಡಿರಲಿಕ್ಕಿಲ್ಲ.

"ಕೂರಿಸೋದೆಲ್ಲಿ ರೀ?" ಎಂದೆ.

ಅವರು ಕೈ ತೊಳೆಯಲು ಒಳಗೆ ಹೋದರು. ನಲ್ಲಿ ಸುರಿಯುತ್ತಲೇ ಇತ್ತು, ನಿಲ್ಲಿಸಲಿಲ್ಲ. ನಾನು ಕ್ಲಾರಿನೆಟ್ ತೆಗೆದು ಬಾಯಿಗಿಟ್ಟು ಊದಿದೆ. ಬರೀ ಗಾಳಿ ಬಂತು.