ಮೇಡಂಗೆ ತೋರಿಸಿದ ಕೈ

ಕಲ್ಯಾಣ ಪಟ್ಟಣದ ಹತ್ತಿರ, ಶಹಾಡ್ ಸ್ಟೇಷನ್ನಿನ ಆಚೆ ಒಂದು ಹಳೇ ಬಣ್ಣದ ಕಾರ್ಖಾನೆ ಮುಚ್ಚಿ ಹೋಗಿತ್ತು. ಬಣ್ಣದ ವಿಷ ಇಂಗಿ ಕೆಟ್ಟ ಅಲ್ಲಿಯ ಮಣ್ಣು ಅಗೆದು ಲಾರಿಗೆ ತುಂಬುವ ಹೆಂಗಸರಿಗೆಲ್ಲ ಗುರಮ್ಮನೇ ಹಿರಿಯಳು. ಬಸುರಿ ಸೊಸೆ ದ್ರೌಪದಿಯೂ ಅದೇ ಗುಂಪಿನಲ್ಲಿ ಬುಟ್ಟಿ ಹೊರುತ್ತಿದ್ದಳು.

ಆ ವಿಷದ ಮಣ್ಣು ಕೆಲಸದವರ ಹೊಟ್ಟೆಗೆ ಗೊತ್ತಿಲ್ಲದೆ ಎಷ್ಟು ಹೋಗುತ್ತದೆಂದು ಅಂದಾಜು ಮಾಡಲು ಮೈಸೂರಿನ ಸಂಯುಕ್ತಾ ಮೇಡಂ ಬಂದಿದ್ದರು. ಹೋದ ವಾರ ಎಲ್ಲರ ಅಂಗೈಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಪರೀಕ್ಷೆಗೆ ಒಯ್ದಿದ್ದರು. ಇವತ್ತು ಲ್ಯಾಪ್‌ಟಾಪ್ ತೆರೆದವರ ಮುಖದ ತುಂಬ ನಗು.

"ಗುರಮ್ಮನವರೇ, ಚಿಂತೆ ಬಿಡಿ. ನಿಮ್ಮ ಕೈಗಳಲ್ಲಿ ಮಣ್ಣೇ ಇಲ್ಲ ಅನ್ನಬೇಕು! ಅಂದಮೇಲೆ ಬಾಯಿಗೆ ಹೋಗೋದೂ ಅಷ್ಟಕ್ಕಷ್ಟೆ. ಹೀಗೇ ಕೆಲಸ ಮುಂದುವರಿಸಬಹುದು ಅಂತ ಈಗಲೇ ವರದಿ ಕಳಿಸಿಬಿಡ್ತೀನಿ."

"ನಮ್ಮತ್ತಿ ಶಿಸ್ತು ಅಂದ್ರ ಶಿಸ್ತುರೀ ಮೇಡಂ," ಎಂದು ದ್ರೌಪದಿ ನಕ್ಕಳು. ನಗುತ್ತಲೇ ಸೆರಗಿನ ಮರೆಯಲ್ಲಿ ಡಬ್ಬಿ ತೆಗೆದು, ಹುರಿದ ತಂಬಾಕಿನ ಪುಡಿ, ಮಿಸರಿಯನ್ನು ಬೆರಳಿಗೆ ಹಚ್ಚಿ ಹಲ್ಲು ತಿಕ್ಕತೊಡಗಿದಳು. ಆಗಷ್ಟೇ ಮಣ್ಣಿನ ಬುಟ್ಟಿ ಇಳಿಸಿದ ಬೆರಳು ಅದು.

ಗುರಮ್ಮ ಆ ಬೆರಳನ್ನೇ ನೋಡಿದಳು. ಹೋದ ವಾರ ಮೇಡಂ ಗೇಟಿನಲ್ಲಿ ಇಳಿದದ್ದೇ ತಡ, ಎಲ್ಲರನ್ನೂ ಟ್ಯಾಂಕರಿನ ಹತ್ತಿರ ಅಟ್ಟಿದವಳು ತಾನೇ ಅಲ್ಲವೆ? "ಓದಿದಾಕಿ ಕೈ ಹಿಡಿತಾಳ, ಇಂಥಾ ಹೊಲಸು ಕೈ ಕೊಡ್ತೀರೇನ್ರೇ? ತಿಕ್ಕಿ ತೊಳೀರಿ!" ಉಗುರಿನ ಸಂದಿಯನ್ನೂ ಬಿಟ್ಟಿರಲಿಲ್ಲ. ಉಳಿದ ದಿನ ಅಷ್ಟು ನೀರು ಯಾರು ಕೊಡುತ್ತಾರೆ? ಸೀರೆಗೆ ಕೈ ಒರೆಸಿ ರೊಟ್ಟಿ ಮುರಿಯುವುದೇ.

ಹೇಳಿಬಿಡಲೆ? ಕೂಲಿಯವರನ್ನು ಕರೆತಂದ ಮುಕಾದಮ ಸಿದ್ರಾಮ ಅಲ್ಲೇ ನಿಂತಿದ್ದ. ಬಸುರಿ ಅಂತ ಗೊತ್ತಾದರೆ ನಾಳೆಯಿಂದ ಕೆಲಸಕ್ಕೆ ಬೇಡ ಅನ್ನುತ್ತಾರೆ, ಬಾಯಿ ಮುಚ್ಚಿಕೊಂಡಿರಿ ಎಂದು ಅವನು ಮೊದಲೇ ಹೆದರಿಸಿದ್ದ. ಹೇಳದಿದ್ದರೆ? ಸೊಸೆಯ ಬೆರಳು ಇನ್ನೂ ಬಾಯಲ್ಲೇ ಇತ್ತು.

"ತೆಗಿಯವ್ವಾ ಬೆರಳು!" ಎಂದು ಗುರಮ್ಮ ಚೀರಿದಳು. "ಮೇಡಂ, ಕಳಿಸಬ್ಯಾಡ್ರಿ! ಅವತ್ತು ನಿಮಗ ಮರ್ಯಾದಿ ಅಂತ ನಾನೇ ಎಲ್ಲಾರ ಕೈ ತೊಳಿಸೀನ್ರಿ. ದಿನಾ ಇರೂ ಕೈ ಅಲ್ರೀ ಅವು. ಈಕಿ ನನ್ನ ಸೊಸಿ. ಬಸುರಿ ಅದಾಳ್ರೀ."

"ಏನು ಮಾಡಿದಿ ಯವ್ವಾ!" ಸಿದ್ರಾಮ ತಲೆ ಹಿಡಿದುಕೊಂಡ. "ಕೆಲಸ ನಿಂತ್ರ ತಿನ್ನೂದೇನು?"

"ಈ ಮಣ್ಣಂತೂ ಅಲ್ಲೋ!"

ಮೇಡಂ ಮುಖದ ನಗು ಆರಿತು. "ಅಯ್ಯೋ, ಕೈ ತೊಳೆದಿದ್ರಾ ಅಂತ ನಾನೂ ಕೇಳಲಿಲ್ಲವಲ್ಲ! ಸಿದ್ರಾಮ್, ಕೆಲಸ ನಿಲ್ಲಿಸಿ. ಮತ್ತೆ ಕೈ ಒರೆಸಿ ನೋಡಬೇಕು, ಈ ಸಲ ಒರೆಸೋ ಮುಂಚೆ ಯಾರೂ ತೊಳೀಬೇಡಿ. ದ್ರೌಪದಿಯವರನ್ನ ನಾನೇ ಕಲ್ಯಾಣದ ಆಸ್ಪತ್ರೆಗೆ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸ್ತೀನಿ."

ದ್ರೌಪದಿ ಉಗುಳಿದಳು, ಬಾಯಿ ಮುಕ್ಕಳಿಸಿದಳು, ಮತ್ತೆ ಉಗುಳಿದಳು. ನೀರಿನ ಕೊಡ ಬಗ್ಗಿಸುತ್ತಲೇ ಗುರಮ್ಮ ಕೇಳಿದಳು.

"ಕೂಸಿಗೇನೂ ಆಗಿಲ್ಲಲ್ರೀ, ಮೇಡಂ?"

ಮೇಡಂ ಆಟೋ ಕೂಗಲು ರಸ್ತೆಯತ್ತ ಓಡಿದರು.