ಹೆಬ್ಬೆರಳಿನ ನ್ಯಾಯ

ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕುಗಳ ಜೇನು ಸಾಕುವವರನ್ನು ಆ ಮಳೆಗಾಲದಲ್ಲಿ ಕಾಡಿದ ಗಹನವಾದ ವಿಷಯವೆಂದರೆ, ಒಂದು ಪ್ರಶ್ನೆಗೆ ನಾಲ್ಕು ಉತ್ತರ ಬಂದರೆ ಯಾವುದನ್ನು ಮೇಲೆ ಕೂರಿಸುವುದು ಎಂಬುದು.

ಗುತ್ತಿಗಾರಿನ ಮೋಕ್ಷಿತಾ ಜೇನಿನವರಿಗೆಂದು ಮಾಡಿದ ಪ್ರಶ್ನೋತ್ತರದ ವೆಬ್‌ಸೈಟಿನಲ್ಲಿ ಹೆಚ್ಚು ಮೆಚ್ಚುಗೆಯ ಹೆಬ್ಬೆರಳು ಬಿದ್ದ ಉತ್ತರ ಮೇಲೆ ಹೋಗುತ್ತಿತ್ತು. ಮೇಲಿದ್ದುದನ್ನೇ ಜನ ಓದುತ್ತಿದ್ದರು, ಓದಿದ್ದಕ್ಕೇ ಒತ್ತುತ್ತಿದ್ದರು. ಹೀಗಾಗಿ ಎಲ್ಲರಿಗಿಂತ ಮೊದಲು ಬರೆಯುವ ಉಪ್ಪಿನಂಗಡಿಯ ಮೇದಪ್ಪಜ್ಜ ಸದಾ ಮೇಲೆ. ಇದು ಅನ್ಯಾಯ ಅನಿಸಿ ಅವಳು ನಿಯಮ ಬದಲಿಸಿದಳು: ಮೊದಲ ಎರಡು ದಿನ ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ಕ್ರಮ, ವೋಟಿನ ಲೆಕ್ಕ ಗುಟ್ಟು.

ಅದೇ ವಾರ ಕೊಲ್ಲಮೊಗ್ರಿನ ಸೇವಂತಿಯಕ್ಕ ಕೇಳಿದಳು: ಒಂದು ಪೆಟ್ಟಿಗೆಯ ಮರಿಹುಳಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿವೆ, ಎಂತ ಮಾಡುದು? ಗಂಡ ತೀರಿಕೊಂಡ ಮೇಲೆ ತನ್ನದೆಂದು ಅವಳು ಮಾಡಿಕೊಂಡದ್ದು ಆ ಏಳು ಪೆಟ್ಟಿಗೆ ಮಾತ್ರ.

ಮೇದಪ್ಪಜ್ಜ ಬರೆದರು: ಬಲ ಕಳೆದುಕೊಂಡ ಜೇನು ಕುಟುಂಬ ಅದು, ಗಟ್ಟಿ ಕುಟುಂಬದ ಜೊತೆ ಸೇರಿಸಿ. ಕಡಬದ ಜಯಪ್ರಕಾಶ್ ಬರೆದ: ಸೇರಿಸಲೇಬೇಡಿ, ಅಂಟುರೋಗ, ಆ ಮರಿಗಳಿರುವ ಮೇಣದ ಎರಿಗಳನ್ನು ತೆಗೆದು ಸುಟ್ಟು ಪೆಟ್ಟಿಗೆಯನ್ನು ದೂರ ಇಡಿ. ಹೋದ ವರ್ಷ ಅದೇ ರೋಗದಲ್ಲಿ ಅವನು ಎಲ್ಲವನ್ನೂ ಕಳೆದುಕೊಂಡಿದ್ದ. ಮೋಕ್ಷಿತಾ ಅದನ್ನು ಕಣ್ಣಾರೆ ಕಂಡಿದ್ದಳು.

ಜನರೋ, ಅಡಿಯಲ್ಲಿ ಎಲ್ಲಿದ್ದರೂ ಅಜ್ಜನ ಹೆಸರು ಹುಡುಕಿ ಒತ್ತತೊಡಗಿದರು. ಹಿರಿಯರು ಕಷ್ಟಪಟ್ಟು ಬರೆದಿದ್ದಾರೆ, ಒತ್ತದಿದ್ದರೆ ಮದುವೆಗೆ ಕರೆದವರ ಮನೆಯಲ್ಲಿ ಉಣ್ಣದೆ ಬಂದ ಹಾಗೆ. ಮೋಕ್ಷಿತಾ ಹೆಸರುಗಳನ್ನೇ ಮುಚ್ಚಿದಳು.

ಮರುದಿನ ಊರಿನಲ್ಲೇ ಜೇನು ಸಾಕುವ ತೀರ್ಥರಾಮ ಸಿಕ್ಕಿ ನಕ್ಕ. "ಒಳ್ಳೆ ಕೆಲಸ ಮಾಡಿದೆ ಮಾರಾಯ್ತಿ. ನಿನ್ನೆಯಿಂದ ಅಜ್ಜನ ಫೋನಿಗೆ ಪುರುಸೊತ್ತಿಲ್ಲ. ನಾನೂ ಕೇಳಿದೆ, ಅಜ್ಜ, ಇದರಲ್ಲಿ ನಿಮ್ಮದು ಯಾವುದು ಅಂತ."

"ಅಜ್ಜ ಎಂತ ಹೇಳಿದ್ರು?"

"'ಸೇರಿಸಿ ಅಂತ ಇರುದು ನಂದು. ಒತ್ತು ಅಂತ ನಾನು ಹೇಳುದಿಲ್ಲ, ನಿನ್ನ ಇಷ್ಟ' ಅಂದ್ರು. ಮತ್ತೆ ಒತ್ತದೆ ಇರ್ಲಿಕ್ಕೆ ಆಗ್ತದಾ?"

"ಉತ್ತರ ಓದಿದ್ಯಾ?"

"ಅಜ್ಜನದ್ದಲ್ವಾ, ಓದ್ಲಿಕ್ಕೆ ಎಂತ ಉಂಟು?"

ಅವಳು ಅಜ್ಜನ ಉತ್ತರವನ್ನು ಅಳಿಸಬಹುದಿತ್ತು. ಆದರೆ ಯಾರ ಉತ್ತರವನ್ನೂ ಅಳಿಸುವುದಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದವಳೂ ಅವಳೇ. ಅಳಿಸುವ ಗುಂಡಿಯ ಮೇಲಿಟ್ಟ ಬೆರಳನ್ನು ಹಿಂದಕ್ಕೆ ತೆಗೆದಳು.

ಎರಡು ದಿನ ಕಳೆದು ಲೆಕ್ಕ ಹೊರಬಿತ್ತು. ಅಜ್ಜನದ್ದು ಎಲ್ಲಕ್ಕಿಂತ ಮೇಲೆ. ಜಯಪ್ರಕಾಶನ ಉತ್ತರಕ್ಕೆ ಒಂದೇ ಹೆಬ್ಬೆರಳು, ಅದು ಮೋಕ್ಷಿತಾಳದ್ದು. ಅವಳು ಕೊಲ್ಲಮೊಗ್ರಿಗೆ ಫೋನು ಮಾಡಿದಳು.

"ಸೇವಂತಿಯಕ್ಕ, ಸೇರಿಸ್ಬೇಡಿ. ಮೇಲಿರುದು ತಪ್ಪು."

"ಅಯ್ಯೋ ಮಗಾ, ಅಷ್ಟು ಜನ ಒತ್ತಿದ್ದಾರೆ."

"ಅವರು ಓದ್ಲಿಲ್ಲ ಅಕ್ಕ."

"ಹಾಗೆ ಹೇಳ್ಬಾರ್ದು. ಹೆಸರು ಮುಚ್ಚಿದ್ದೀಯ, ಕ್ರಮ ಬದಲಿಸಿದ್ದೀಯ, ಈಗ ಯಾರಿಗೂ ಮೋಸ ಇಲ್ಲ ಅಂತ ನೀನೇ ಬರೆದದ್ದಲ್ವಾ? ಮೊದಲಾದರೆ ನಂಗೂ ಸಂಶಯ ಇರ್ತಿತ್ತು. ಈಗ ನ್ಯಾಯವಾಗಿ ಮೇಲೆ ಬಂದದ್ದು."

"ಜಯಪ್ರಕಾಶಣ್ಣನ ಹತ್ರ ಒಂದು ಮಾತಾದ್ರೂ ಕೇಳಿ," ಎಂದಳು ಮೋಕ್ಷಿತಾ.

"ಅವನ ಜೇನೆಲ್ಲ ಸತ್ತು ಹೋಯ್ತಲ್ವಾ? ಅವನ ಹತ್ರ ಎಂತ ಕೇಳುದು," ಎಂದಳು ಸೇವಂತಿಯಕ್ಕ. "ನಾನು ಬೆಳಿಗ್ಗೆಯೇ ಸೇರಿಸಿ ಆಯ್ತು."

ಮಳೆಗಾಲ ಕಳೆದು ತುಲಾ ತಿಂಗಳು ಮುಗಿಯುವುದರೊಳಗೆ ರೋಗ ಒಂದರಿಂದೊಂದಕ್ಕೆ ಹಬ್ಬಿ ಏಳೂ ಪೆಟ್ಟಿಗೆ ಖಾಲಿಯಾದವು. ಮೇದಪ್ಪಜ್ಜನ ಉತ್ತರಕ್ಕೆ ಕೊನೆಯಲ್ಲಿ ಬಿದ್ದ ಹೆಬ್ಬೆರಳು ಸೇವಂತಿಯಕ್ಕನದ್ದು. ಆ ಉತ್ತರ ಈಗಲೂ ಮೇಲೆಯೇ ಉಂಟು.